ಬಣ್ಣ ಮೊದಲಾ, ಬೀಮ್ ಮೊದಲಾ?

(‘ಕಡಲ ಮನೆ’ ಗುಂಪು. ಭಾನುವಾರ ಬೆಳಗ್ಗೆ ಶುರುವಾಗಿ ರಾತ್ರಿವರೆಗೂ ನಡೆದದ್ದು. ಗುಡ್ ಮಾರ್ನಿಂಗ್ ಚಿತ್ರಗಳನ್ನು ಮಾತ್ರ ಬಿಟ್ಟಿದ್ದೇನೆ.)

ದೊಡ್ಡಣ್ಣ: ಎಲ್ಲರೂ ಓದಿ. ಬೇಸಿಗೆ ಮುಗಿಯಿತು, ಇನ್ನು ಮನೆ ಖಾಲಿ. ಮಳೆಗೆ ಮುಂಚೆ ಕೆಲಸ ಮುಗಿಸಿಬಿಡೋಣ. ಹೊರಗೆ ಪೂರ್ತಿ ಬಿಳಿ ಬಣ್ಣ, ಮುಂದೆ ಮರದ ಡೆಕ್, ಸ್ಟೀಲ್ ರೇಲಿಂಗ್, ಮೇಲಿನ ರೂಮಿಗೆ ಎಸಿ. ಖರ್ಚು ನಾಲ್ಕು ಪಾಲು. ಬೇಡ ಅನ್ನುವವರು ಇವತ್ತೇ ಹೇಳಿ, ಆಮೇಲೆ ಗೊಣಗಬೇಡಿ.

ಪುಟ್ಟ: ಎಸಿಗೆ ನನ್ನ ಎರಡೂ ಕೈ ಮೇಲೆ

ಅತ್ತಿಗೆ: ನಿನ್ನ ಪಾಲು ಯಾವುದೋ ಇದರಲ್ಲಿ? ಸುಮ್ನೆ ಓದಿಕೋ ಹೋಗು.

ನಾನು: ಅಣ್ಣ, ಬೇಡ ಅಂತ ಅಲ್ಲ. ಹಿಂದುಮುಂದಾಗಿದೆ ಅಂತ ಅಷ್ಟೇ. ಮೊನ್ನೆ ಮನೆ ಮುಚ್ಚಿ ಬಂದವಳು ನಾನು. ಒಂದು ಫೋಟೊ ಹಾಕುತ್ತೇನೆ, ದೊಡ್ಡದು ಮಾಡಿ ನೋಡಿ.

(ಫೋಟೊ)

ಅಕ್ಕ: ಏನೇ ಇದು, ಕಲ್ಲಾ?

ನಾನು: ಜಗುಲಿಯ ಬೀಮಿನಿಂದ ಉದುರಿದ ಚಕ್ಕೆ. ಉಯ್ಯಾಲೆ ನೇತು ಹಾಕಿದ್ದೇವಲ್ಲ, ಅದೇ ಬೀಮ್. ಉಯ್ಯಾಲೆಯ ಹಲಗೆ ಮೇಲೇ ಬಿದ್ದಿತ್ತು. ನನ್ನ ಅಂಗೈಯಷ್ಟಿದೆ, ಎತ್ತಿದರೆ ಭಾರ. ಒಂದು ಮಗ್ಗುಲಲ್ಲಿ ಕಂಬಿಯ ಅಚ್ಚು ಹಾಗೇ ಮೂಡಿದೆ, ಪೂರ್ತಿ ತುಕ್ಕು, ಮುಟ್ಟಿದರೆ ಬೆರಳು ಕೆಂಪಾಗುತ್ತದೆ. ಇನ್ನೊಂದು ಮಗ್ಗುಲಲ್ಲಿ ನಮ್ಮ ಬಣ್ಣ. ಅಂಚು ನೋಡಿ, ಮೂರು ಪದರ ಇದೆ. ಕೆಳಗೆ ನೀಲಿ, ಅದರ ಮೇಲೆ ಹಳದಿ, ಮೇಲುಗಡೆ ಕೆನೆ ಬಣ್ಣ. ಮೂರು ಸಲ ಬಣ್ಣ ಹೊಡೆಸಿದ್ದೇವೆ, ಬೀಮಿಗೆ ಏನಾಗಿದೆ ಅಂತ ಒಂದು ಸಲವೂ ತಲೆ ಎತ್ತಿ ನೋಡಿಲ್ಲ.

ದೊಡ್ಡಣ್ಣ: ಒಂದು ಚಕ್ಕೆ ಬಿದ್ದದ್ದಕ್ಕೆ ಮನೆಯೇ ಬಿತ್ತು ಅನ್ನಬೇಡ. ಮೇಸ್ತ್ರಿಗೆ ಹೇಳಿದರೆ ಅರ್ಧ ದಿನದಲ್ಲಿ ಸಿಮೆಂಟ್ ಮೆತ್ತುತ್ತಾನೆ. ಬಣ್ಣದವರು ಬರುವಷ್ಟರಲ್ಲಿ ಅದೂ ಆಗಿರುತ್ತದೆ.

ನಾನು: ಹಿತ್ತಲ ಕಂಬಕ್ಕೆ ನೀನು ಹಾಗೇ ಮಾಡಿಸಿದ್ದೆ, ನೆನಪಿದೆಯಾ? ತೇಪೆ ಗಟ್ಟಿಯಾಗಿದೆ. ಅದರ ಪಕ್ಕದಲ್ಲೇ, ಒಂದು ಗೇಣು ಮೇಲೆ, ಹೊಸ ಬಿರುಕು ಬಂದಿದೆ. ಬಿರುಕಿನಿಂದ ಕಂದು ನೀರು ಇಳಿದ ಗುರುತೂ ಇದೆ.

ಭಾವ: (ವಾಯ್ಸ್ ಮೆಸೇಜ್, 4 ನಿಮಿಷ 12 ಸೆಕೆಂಡ್)

ಅಕ್ಕ: ರೀ, ಪಕ್ಕದಲ್ಲೇ ಕೂತಿದ್ದೀರಿ, ಬರೆದು ಹಾಕಿ. ಯಾರು ಕೇಳುತ್ತಾರೆ ಅದನ್ನು.

ಭಾವ: ಸರಿ ಸರಿ. ಕಾಂಕ್ರೀಟಿಗೆ ಕ್ಷಾರದ ಗುಣ ಇದೆ, ಅದರಿಂದ ಒಳಗಿನ ಕಂಬಿಗೆ ಒಂದು ತೆಳು ಪೊರೆ ಕಟ್ಟಿಕೊಂಡು ತುಕ್ಕು ಹಿಡಿಯುವುದಿಲ್ಲ. ಉಪ್ಪುಗಾಳಿಯಿಂದ ಕ್ಲೋರೈಡ್ ನಿಧಾನಕ್ಕೆ ಒಳಗಿಳಿದು ಆ ಪೊರೆ ಒಡೆಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ತಿನ್ನುತ್ತದೆ, ಎರಡರಿಂದ ಆರು ಪಟ್ಟು. ಜಾಗ ಎಲ್ಲಿದೆ ಒಳಗೆ? ಹಾಗಾಗಿ ಕಾಂಕ್ರೀಟನ್ನು ಒಳಗಿಂದಲೇ ಸೀಳುತ್ತದೆ. ಮೇಲೆ ಸಿಮೆಂಟ್ ಮೆತ್ತಿದರೆ ಒಳಗಿನ ತುಕ್ಕು ನಿಲ್ಲುವುದಿಲ್ಲ. ತೇಪೆಯ ಪಕ್ಕದ ಹಳೆ ಕಾಂಕ್ರೀಟಿನಲ್ಲಿ ಉಪ್ಪು ಹಾಗೇ ಇರುತ್ತದಲ್ಲ, ಅಲ್ಲಿ ಇನ್ನೂ ಬೇಗ ತುಕ್ಕು ಹಿಡಿಯುತ್ತದೆ. ಇವಳು ಹೇಳಿದ ಬಿರುಕು ಅದೇ.

ದೊಡ್ಡಣ್ಣ: ಭಾವನಿಗೆ ಯಾವ ವಿಡಿಯೊ ಸಿಕ್ಕಿತೋ ಇವತ್ತು.

ಭಾವ: ಎರಡು ಸಿಕ್ಕಿತು. ಇನ್ನೊಂದು ನಿಮ್ಮ ಸ್ಟೀಲ್ ರೇಲಿಂಗ್ ಬಗ್ಗೆ. ಅಂಗಡಿಯಲ್ಲಿ ಸುಮ್ನೆ ಸ್ಟೀಲ್ ಅಂದರೆ ಹೆಚ್ಚೆಂದರೆ 304 ದರ್ಜೆಯದ್ದು ಕೊಡುತ್ತಾರೆ, ಸಮುದ್ರದ ಹತ್ತಿರ ಅದಕ್ಕೂ ಕಂದು ಕಲೆ ಬರುತ್ತದೆ. 316 ಅಂತ ಕೇಳಿ, ಅದರಲ್ಲಿ ಮಾಲಿಬ್ಡಿನಮ್ ಅನ್ನುವ ಲೋಹ ಇರುತ್ತದೆ, ಜಾಸ್ತಿ ತಾಳುತ್ತದೆ.

ದೊಡ್ಡಣ್ಣ: ನೋಡಿ, ನಾನು ನೇರವಾಗಿ ಹೇಳುತ್ತೇನೆ. ವರ್ಷದಲ್ಲಿ ಹತ್ತು ತಿಂಗಳು ಆ ಮನೆ ಬೀಗ ಹಾಕಿಕೊಂಡು ಕೂತಿರುತ್ತದೆ. ಬಾಡಿಗೆಗೆ ಬಿಟ್ಟರೆ ಮನೆಯ ಖರ್ಚು ಮನೆಯೇ ನೋಡಿಕೊಳ್ಳುತ್ತದೆ. ಬಾಡಿಗೆಗೆ ಬರುವವರು ಫೋಟೊ ನೋಡಿ ಬರುತ್ತಾರೆ. ಬೀಮಿನ ಒಳಗಿನ ಕಂಬಿ ಯಾರಿಗೂ ಕಾಣುವುದಿಲ್ಲ. ನಾವು ಎಲ್ಲ ದುಡ್ಡನ್ನೂ ಕಾಣದ ಜಾಗಕ್ಕೆ ಸುರಿದರೆ ಡೆಕ್ಕೂ ಇಲ್ಲ, ಬಣ್ಣವೂ ಇಲ್ಲ, ಬಾಡಿಗೆಯೂ ಇಲ್ಲ. ಇದು ನನ್ನ ಆಸೆಗೆ ಹೇಳುತ್ತಿರುವುದಲ್ಲ, ಹೋದ ವರ್ಷ ನೀರಿನ ಪಂಪು ಸುಟ್ಟಾಗ ಯಾರು ದುಡ್ಡು ಹಾಕಿದರು ಅಂತ ಸ್ವಲ್ಪ ನೆನಪು ಮಾಡಿಕೊಳ್ಳಿ.

ಅಕ್ಕ: ಬಂತು ಪಂಪು.

ಅಕ್ಕ: ಈ ಸಂದೇಶವನ್ನು ಅಳಿಸಲಾಗಿದೆ

ದೊಡ್ಡಣ್ಣ: ಅಳಿಸಬೇಡ, ನಾನು ಓದಿ ಆಯಿತು. ‘ಜಾಸ್ತಿ ದಿನ ಇರುವವರು ಜಾಸ್ತಿ ಕೊಡಲಿ’ ಅಂದೆ. ನಾನು ಇದ್ದದ್ದು ಒಂಬತ್ತು ದಿನ.

ಅಕ್ಕ: ನಾವು ಮೂರು ದಿನ. ಅದರಲ್ಲೂ ಒಂದು ದಿನ ಪೂರ್ತಿ ಹಾಸಿಗೆ ಒಣಗಿಸಿದ್ದೇ ಆಯಿತು.

ಅತ್ತಿಗೆ: ಅದಕ್ಕೆ ನಾನು ಒಂದು ಮಾತು ಹೇಳಲಾ? ಹಾಸಿಗೆ ಬೂಸ್ಟು ಹಿಡಿದದ್ದು ನಿಮ್ಮ ಸರದಿಯ ಆಮೇಲೆ. ಮನೆ ಮುಚ್ಚುವಾಗ ಹಾಸಿಗೆಯನ್ನು ಗೋಡೆಗೆ ಒತ್ತಿ ಇಡಬೇಡಿ, ನಿಲ್ಲಿಸಿ ಇಡಿ, ಬೀರುವಿನ ಬಾಗಿಲು ಒಂದು ಬೆರಳು ತೆರೆದಿಡಿ ಅಂತ ಫ್ರಿಜ್ ಮೇಲೆ ಚೀಟಿಯನ್ನೇ ಅಂಟಿಸಿದ್ದೆ. ಚೀಟಿ ಇದೆ. ಓದಿದವರು ಇಲ್ಲ.

ನಾನು: ಚೀಟಿಗೂ ಬೂಸ್ಟು ಬಂದಿದೆ ಅತ್ತಿಗೆ. ಆದರೆ ಈ ಸಲ ಅದೊಂದೇ ಕಾರಣ ಅಲ್ಲ. ಆ ರೂಮಿನ ಗೋಡೆಯೇ ಒದ್ದೆ ಇದೆ. ನಾನು ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಒಂದು ರಾತ್ರಿ ಬಿಟ್ಟೆ. ಬೆಳಗ್ಗೆ ಹಾಳೆಯ ಹಿಂಬದಿ, ಗೋಡೆಯ ಕಡೆ, ಹನಿ ಕಟ್ಟಿತ್ತು. ರೂಮಿನ ಕಡೆ ಒಣಗಿತ್ತು. ಅಂದರೆ ನೀರು ಗಾಳಿಯದ್ದಲ್ಲ, ಗೋಡೆಯ ಒಳಗಿಂದ ಬರುತ್ತಿದೆ. ಮೇಲೆ ತಾರಸಿ ನೋಡಿದೆ, ನೀರು ಹೋಗುವ ಪೈಪಿನ ಬಾಯಿ ಸುತ್ತ ಗಾರೆ ಬಿಟ್ಟಿದೆ. ಒದ್ದೆ ಗೋಡೆಗೆ ಬಿಳಿ ಬಣ್ಣ ಹೊಡೆದರೆ ಮುಂದಿನ ಬೇಸಿಗೆಗೆ ಹಪ್ಪಳದ ಹಾಗೆ ಏಳುತ್ತದೆ. ಆಗ ಫೋಟೊ ತೆಗೆದು ಬಾಡಿಗೆಯವರಿಗೆ ಕಳಿಸು.

ಪುಟ್ಟ: ಅತ್ತೆ ಗೆದ್ದರು

ಅತ್ತಿಗೆ: ಪುಟ್ಟಾ.

ದೊಡ್ಡಣ್ಣ: ಇಲ್ಲಿ ಗೆಲ್ಲಲು ಏನೂ ಇಲ್ಲ. ಹಾಗಾದರೆ ಏನು, ಈ ವರ್ಷ ಬಣ್ಣವೇ ಇಲ್ಲವಾ?

ಚಿಕ್ಕಪ್ಪ: ಎಲ್ಲಾ ಓದುತ್ತಾ ಇದ್ದೇನೆ. ಟೈಪ್ ಮಾಡುವುದು ನಿಧಾನ, ತಡೆಯಿರಿ.

ಚಿಕ್ಕಪ್ಪ: ಮನೆ ಕಟ್ಟಿಸುವಾಗ ನಿಂತು ಕೆಲಸ ನೋಡಿದವನು ನಾನು. ಜಗುಲಿಯ ಬೀಮ್ ಹಾಕುವ ದಿನ ಮರಳು ಸಾಲಲಿಲ್ಲ. ಲಾರಿ ಬರಲಿಲ್ಲ, ಆಳುಗಳು ಸುಮ್ನೆ ಕೂತಿದ್ದರು. ಅಣ್ಣ ಊರಲ್ಲಿರಲಿಲ್ಲ. ಎದುರಿಗೇ ರಾಶಿ ಮರಳು ಬಿದ್ದಿದೆ ಅಲ್ವಾ ಅಂತ ಇಪ್ಪತ್ತು ಬುಟ್ಟಿ ದಡದ ಮರಳು ಹಾಕಿಸಿದೆ. ತೊಳೆಸಲೂ ಇಲ್ಲ. ಅಣ್ಣನಿಗೆ ಕೊನೆಯವರೆಗೂ ಹೇಳಲಿಲ್ಲ.

(ಹನ್ನೊಂದು ನಿಮಿಷ ಯಾರೂ ಏನೂ ಬರೆಯಲಿಲ್ಲ. ದೊಡ್ಡಣ್ಣ ಟೈಪ್ ಮಾಡುತ್ತಿದ್ದಾರೆ ಅಂತ ಬರುತ್ತಿತ್ತು, ಹೋಗುತ್ತಿತ್ತು.)

ಭಾವ: ಹಾಗಾದರೆ ಉಪ್ಪು ಹೊರಗಿಂದ ಬರುವವರೆಗೆ ಕಾದಿಲ್ಲ. ಮೊದಲ ದಿನದಿಂದ ಒಳಗೇ ಇದೆ.

ದೊಡ್ಡಣ್ಣ: ಚಿಕ್ಕಪ್ಪ, ಇದನ್ನು ಮೊದಲೇ ಹೇಳಬಹುದಿತ್ತು.

ಚಿಕ್ಕಪ್ಪ: ಹೇಳಬಹುದಿತ್ತು. ಬೀಮಿನ ಖರ್ಚು ಪೂರ್ತಿ ನನ್ನದು.

ನಾನು: ಬೇಡ ಚಿಕ್ಕಪ್ಪ. ಅದೇ ಉಯ್ಯಾಲೆಯಲ್ಲಿ ಎಲ್ಲರೂ ಆಡಿದ್ದೇವೆ, ನಾಲ್ಕು ಪಾಲೇ ಇರಲಿ. ನೀವು ಇನ್ನೊಂದು ಹೇಳಿ. ಕಂಬಿ ಬೀಮಿನ ಅಂಚಿನಿಂದ ಎಷ್ಟು ಒಳಗಿದೆ? ಚಕ್ಕೆ ಅಳೆದೆ, ಒಂದು ಇಂಚೂ ಇಲ್ಲ.

ಚಿಕ್ಕಪ್ಪ: ಆಗ ಯಾರು ಅಳೆಯುತ್ತಿದ್ದರು. ಕಂಬಿ ಮುಚ್ಚಿದರೆ ಸಾಕು ಅನ್ನುತ್ತಿದ್ದರು.

ಭಾವ: ಸಮುದ್ರದ ಹತ್ತಿರ 45ರಿಂದ 50 ಮಿಲಿಮೀಟರ್ ಒಳಗಿರಬೇಕು. ಎರಡು ಇಂಚು ಅಂತ ಇಟ್ಟುಕೊಳ್ಳಿ.

ಅಕ್ಕ: ಸರಿ, ಈಗ ಏನು ಮಾಡಬೇಕು ಹೇಳಿ. ನನಗೆ ಮರಳಿನ ಕಥೆ ಸಾಕು.

ನಾನು: ನನ್ನ ಲೆಕ್ಕ ಹೇಳುತ್ತೇನೆ, ಬೈಯಬೇಡಿ. ಮಳೆಗೆ ಇನ್ನೂ ಕೆಲವು ವಾರ ಒಣ ದಿನ ಇದೆ, ಒಣ ದಿನ ಬೇಕಾಗುವ ಕೆಲಸ ಅಂದರೆ ತಾರಸಿ, ಹಾಗಾಗಿ ಮೊದಲು ತಾರಸಿಯ ಬಿರುಕು, ಪೈಪಿನ ಬಾಯಿ, ಇಳಿಜಾರು ಸರಿ ಮಾಡಿಸಿ ಮೇಲೆ ವಾಟರ್‌ಪ್ರೂಫಿಂಗ್ ಹಾಕಿಸೋಣ, ಜೊತೆಗೇ ಸಮುದ್ರದ ಕಡೆಯ ಕಿಟಕಿಗಳ ಸುತ್ತ ಹಳೆ ಸೀಲೆಂಟ್ ಕಿತ್ತು ಹೊಸದು ತುಂಬಿಸೋಣ. ಬೀಮ್ ಜಗುಲಿಯ ಒಳಗಿದೆ, ಮಳೆ ಬಂದರೂ ಅಲ್ಲಿ ಕೆಲಸ ನಡೆಯುತ್ತದೆ. ಆದರೆ ಅದಕ್ಕೆ ಮೇಸ್ತ್ರಿ ಮಾತ್ರ ಸಾಲದು, ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್ ಬಂದು ಕಂಬಿ ಎಷ್ಟು ಸವೆದಿದೆ ನೋಡಲಿ. ಮೊದಲು ಕೆಳಗೆ ಜಾಕಿ ಕೊಟ್ಟು ನಿಲ್ಲಿಸಬೇಕು, ಆಮೇಲೆ ಕಂಬಿಯ ಹಿಂಬದಿ ಕಾಣುವವರೆಗೆ ಒಡೆದು, ತುಕ್ಕು ತೆಗೆದು, ಸವೆದ ಕಡೆ ಹೊಸ ಕಂಬಿ ಸೇರಿಸಿ ತುಂಬಬೇಕು. ಉಪ್ಪು ಒಳಗೇ ಇದೆ ಅಂತ ಗೊತ್ತಾಯಿತಲ್ಲ, ಬೀಮನ್ನೇ ಬದಲಾಯಿಸಿ ಅಂದರೂ ಅನ್ನಬಹುದು. ಬಣ್ಣ ಮಳೆ ಮುಗಿದ ಮೇಲೆ. ಹೊಸ ಗಾರೆಗೆ ಹೇಗೂ ಸುಮಾರು 28 ದಿನ ಬಿಡಬೇಕು, ಬಣ್ಣದ ಮುಂಚೆ ಗೋಡೆಯನ್ನು ಸಿಹಿ ನೀರಲ್ಲಿ ತೊಳೆದು ಉಪ್ಪು ತೆಗೆಯಬೇಕು.

ಭಾವ: ವಾಟರ್‌ಪ್ರೂಫಿಂಗ್ ಆದ ಮೇಲೆ ಪೈಪು ಮುಚ್ಚಿ ತಾರಸಿ ತುಂಬ ನೀರು ನಿಲ್ಲಿಸಿ ಒಂದು ದಿನ ಬಿಡಿ, ಸೋರಿದರೆ ಗೊತ್ತಾಗುತ್ತದೆ. ಜಗುಲಿಯ ಛಾವಣಿ ಮೇಲೂ.

ನಾನು: ಜಗುಲಿ ಮೇಲೆ ಬೇಡವೇ ಬೇಡ ಭಾವ! ಒಂದು ಇಂಚು ನೀರು ನಿಂತರೂ ಒಂದು ಚದರ ಮೀಟರಿಗೆ 25 ಕೆಜಿ. ಆ ಬೀಮ್ ಈಗ ತನ್ನ ಭಾರವನ್ನೇ ಹೇಗೋ ಹೊತ್ತುಕೊಂಡಿದೆ.

ಭಾವ: ಹೌದು ಹೌದು. ವಾಪಸ್ ತೆಗೆದುಕೊಂಡೆ.

ಪುಟ್ಟ: ಎಸಿ?

ಭಾವ: ಹೊರಗಿನ ಯೂನಿಟ್ಟನ್ನು ಸಮುದ್ರಕ್ಕೆ ಮುಖ ಮಾಡಿ ಇಟ್ಟರೆ ಅದರ ತೆಳು ತಗಡಿನ ರೆಕ್ಕೆಗಳು ಉಪ್ಪಿಗೆ ಪುಡಿಯಾಗುತ್ತವೆ ಮರಿ. ಹಿತ್ತಲ ಕಡೆ ಇಡಬೇಕು, ಆಗಾಗ ಸಿಹಿ ನೀರು ಹಾಯಿಸಬೇಕು. ತೊಳೆಯುವವನು ನೀನು ಅಂತ ಆದರೆ ಹಾಕಿಸೋಣ.

ಪುಟ್ಟ: ಫ್ಯಾನ್ ಸಾಕು

ದೊಡ್ಡಣ್ಣ: ಡೆಕ್ ನಾನು ಬಿಡುವುದಿಲ್ಲ.

ನಾನು: ಬಿಡಬೇಡ. ಮುಂದಿನ ವರ್ಷ ಹಾಕಿಸೋಣ, ನಾನೇ ಮರ ನೋಡಲು ಬರುತ್ತೇನೆ. ಈ ವರ್ಷ ಹಾಕಿಸಿದರೆ ಬೀಮ್ ರಿಪೇರಿಗೆ ಜಾಕಿ ನಿಲ್ಲಿಸುವುದು ಅದರ ಮೇಲೇ.

ದೊಡ್ಡಣ್ಣ: ಇಂಜಿನಿಯರ್ ಬಂದು ಏನೂ ಆಗಿಲ್ಲ ಅಂದರೆ?

ಅಕ್ಕ: ಅಂದರೆ ನಿನ್ನ ಬಿಳಿ ಬಣ್ಣಕ್ಕೆ ನಮ್ಮ ಪಾಲು ಅವತ್ತೇ ಹಾಕುತ್ತೇವೆ. ಇದನ್ನು ಅಳಿಸುವುದಿಲ್ಲ, ಸ್ಕ್ರೀನ್‌ಶಾಟ್ ತೆಗೆದುಕೋ.

(ರಾತ್ರಿ 10:40)

ದೊಡ್ಡಣ್ಣ: ಉಯ್ಯಾಲೆ ಇಳಿಸಿದೆಯಾ?

ನಾನು: ಅವತ್ತೇ ಇಳಿಸಿದೆ. ಹಗ್ಗ ಸುತ್ತಿ ಹಾಲ್‌ನಲ್ಲಿ ಇಟ್ಟಿದ್ದೇನೆ. ಕೊಕ್ಕೆ ಬಿಚ್ಚಲು ಕಷ್ಟಪಡಲೇ ಇಲ್ಲ, ಕೈಯಲ್ಲಿ ಎಳೆದರೆ ಬಂತು.

ದೊಡ್ಡಣ್ಣ: ಮೂರು ವಾರದ ಹಿಂದೆ ನಾವೆಲ್ಲ ಬಂದಾಗ ಪುಟ್ಟ ಅದರ ಮೇಲೆ ನಿಂತು ಜೀಕುತ್ತಿದ್ದ.

ನಾನು: ಗೊತ್ತು. ಅದನ್ನು ಬೆಳಗ್ಗೆ ಬರೆದು ಅಳಿಸಿದೆ.

ದೊಡ್ಡಣ್ಣ: ಶನಿವಾರ ಬರುತ್ತೇನೆ. ಇಂಜಿನಿಯರಿಗೆ ನಾನೇ ಫೋನ್ ಮಾಡುತ್ತೇನೆ. ಅವರು ಬರುವ ಮುಂಚೆ ಒಂದು ಸಲ ಬೀಮನ್ನು ಉದ್ದಕ್ಕೂ ತಟ್ಟಿ ನೋಡಬೇಕು, ಟೊಳ್ಳು ಸದ್ದು ಎಲ್ಲೆಲ್ಲಿ ಬರುತ್ತದೋ ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತೇನೆ. ಸುತ್ತಿಗೆ ಅಲ್ಲೇ ಇದೆಯಾ?

ನಾನು: ಇದೆ, ಸ್ಟೋರ್ ರೂಮಿನ ಕಿಟಕಿಯಲ್ಲಿ. ಅದಕ್ಕೂ ತುಕ್ಕು ಹಿಡಿದಿದೆ. ಮೆಲ್ಲಗೆ ತಟ್ಟು, ಕೆಳಗೆ ನಿಂತುಕೊಳ್ಳಬೇಡ, ಮಗ್ಗುಲಲ್ಲಿ ಏಣಿ ಹಾಕು.

ದೊಡ್ಡಣ್ಣ: ಏಣಿ ಹಿಡಿದುಕೊಳ್ಳಲು ಯಾರಾದರೂ ಬೇಕು.

ಚಿಕ್ಕಪ್ಪ: ನಾನು ಬರುತ್ತೇನೆ.