ಪರ್ಸೆಂಟ್ ಸರಿ, ಆದರೆ ಯಾವುದರ ಪರ್ಸೆಂಟ್?

ಪುಟ್ಟೀ, ಮನೆಯವರ ಗ್ರೂಪಿನಲ್ಲಿ ನಿನ್ನ ಟೆಸ್ಟ್ ಪೇಪರಿನ ಫೋಟೋ ನೋಡಿದೆ. ನಿನ್ನಪ್ಪ ಅದರ ಕೆಳಗೆ ಕೂಗಾಡಿದ್ದನ್ನೂ ಓದಿದೆ. 200 ಗ್ರಾಂ ನೀರಿನಲ್ಲಿ 50 ಗ್ರಾಂ ಉಪ್ಪು ಕರಗಿಸಿದರೆ ದ್ರಾವಣದ ಸಾರತೆ, ಅಂದರೆ ಅದರಲ್ಲಿ ಉಪ್ಪಿನ ಪಾಲು, ಎಷ್ಟು ಪರ್ಸೆಂಟ್ ಅಂತ ಪ್ರಶ್ನೆ. ನೀನು 25 ಅಂತ ಬರೆದಿದ್ದೀಯ, ಮಿಸ್ಸು ಕೆಂಪು ಗೀಟು ಎಳೆದಿದ್ದಾರೆ. ತಮ್ಮಾ, ಇದಕ್ಕೆಲ್ಲ ಸ್ಕೂಲಿಗೆ ಹೋಗಿ ಜಗಳ ಆಡಬೇಡ ಮಾರಾಯ. ಮಿಸ್ಸು ಹಾಕಿದ್ದು ಸರಿಯಾಗೇ ಇದೆ, ಉತ್ತರ 20.

ಯಾಕೆ ಅಂದರೆ, ಉಪ್ಪು ಕರಗಿದ ಮೇಲೆ ಪಾತ್ರೆಯಲ್ಲಿ ಇರುವುದು 200 ಗ್ರಾಂ ಅಲ್ಲ, 250. ಉಪ್ಪು ಕಣ್ಣಿಗೆ ಕಾಣುವುದಿಲ್ಲ ಅಷ್ಟೇ, ತೂಕ ಎಲ್ಲಿಗೂ ಹೋಗಿಲ್ಲ. ಪುಸ್ತಕದಲ್ಲಿ ಕರಗುವ ವಸ್ತುವಿಗೆ ದ್ರಾವ್ಯ, ಕರಗಿಸುವುದಕ್ಕೆ ದ್ರಾವಕ, ಎರಡೂ ಸೇರಿದ್ದಕ್ಕೆ ದ್ರಾವಣ ಅಂತ ಇದೆಯಲ್ಲ. ಪರ್ಸೆಂಟ್ ಲೆಕ್ಕ ಯಾವಾಗಲೂ ದ್ರಾವಣದ ಮೇಲೆ, ಬರೀ ನೀರಿನ ಮೇಲೆ ಅಲ್ಲ. ನೀನು 50ನ್ನು 200ರಿಂದ ಭಾಗಿಸಿದೆ. 250ರಿಂದ ಭಾಗಿಸಬೇಕಿತ್ತು.

ನಂಬಿಕೆ ಬರದಿದ್ದರೆ ಸಕ್ಕರೆ ತಗೋ. ಮಾಮೂಲಿ ತಣ್ಣೀರು 100 ಗ್ರಾಂ ಇದ್ದರೆ ಅದರಲ್ಲಿ ಹತ್ತಿರ ಹತ್ತಿರ 200 ಗ್ರಾಂ ಸಕ್ಕರೆ ಕರಗುತ್ತದೆ. ನಿನ್ನ ಲೆಕ್ಕದಲ್ಲಿ ಅದು 200 ಪರ್ಸೆಂಟ್ ಆಯ್ತು! ನೂರಕ್ಕೆ ಇನ್ನೂರು ಸಕ್ಕರೆ ಇರೋಕೆ ಸಾಧ್ಯವಾ? 200ನ್ನು 300ರಿಂದ ಭಾಗಿಸು, ಸುಮಾರು 67 ಬರುತ್ತದೆ, ಅದು ಸರಿ. ಉಪ್ಪಿನ ಕಥೆ ಬೇರೆ. 100 ಗ್ರಾಂ ನೀರಿಗೆ 36 ಗ್ರಾಂ ಆಗುವಷ್ಟರಲ್ಲಿ ನೀರು ಸಾಕು ಅನ್ನುತ್ತದೆ, ಉಳಿದದ್ದು ತಳದಲ್ಲೇ ಕೂರುತ್ತದೆ. ಅದೇ ಪರ್ಯಾಪ್ತ ದ್ರಾವಣ. ಅಂದರೆ ಉಪ್ಪುನೀರು 26 ಪರ್ಸೆಂಟಿನ ಆಸುಪಾಸಿಗಿಂತ ಗಟ್ಟಿ ಆಗುವುದೇ ಇಲ್ಲ. ಯಾರಾದರೂ 30 ಪರ್ಸೆಂಟ್ ಉಪ್ಪುನೀರು ಅಂದರೆ ಅನುಮಾನಪಡು.

ಇನ್ನೊಂದು ವಿಷಯ. ಡ್ರಿಪ್ ಹಾಕುವ ಸಲೈನ್ ಬಾಟಲಿ ಮೇಲೆ 0.9 ಪರ್ಸೆಂಟ್, ಪಕ್ಕದಲ್ಲಿ ಡಬ್ಲ್ಯು ಬೈ ವಿ ಅಂತ ಇರುತ್ತದೆ. ಅಲ್ಲಿ ಮೇಲಿನದು ತೂಕ, ಕೆಳಗಿನದು ಅಳತೆ, ಅಂದರೆ ಎಂಎಲ್ ಲೆಕ್ಕದ ಗಾತ್ರ. 100 ಎಂಎಲ್ ದ್ರಾವಣದಲ್ಲಿ 0.9 ಗ್ರಾಂ ಉಪ್ಪು, ಅರ್ಧ ಲೀಟರ್ ಬಾಟಲಿಗೆ 4.5 ಗ್ರಾಂ. ಇಲ್ಲೂ ನೋಡು, 100 ಎಂಎಲ್ ನೀರಿಗೆ ಅಲ್ಲ, 100 ಎಂಎಲ್ ದ್ರಾವಣಕ್ಕೆ. ಸ್ಪಿರಿಟ್, ಸ್ಯಾನಿಟೈಸರ್ ಮೇಲೆ ವಿ ಬೈ ವಿ, ಎರಡೂ ಅಳತೆ. ಅಲ್ಲೊಂದು ಮಜಾ ಇದೆ. 50 ಎಂಎಲ್ ಆಲ್ಕೋಹಾಲಿಗೆ 50 ಎಂಎಲ್ ನೀರು ಸೇರಿಸಿದರೆ 100 ಆಗುವುದಿಲ್ಲ, 96ರ ಹತ್ತಿರ ನಿಲ್ಲುತ್ತದೆ. ತೂಕ ಕೂಡಿಸಬಹುದು, ಅಳತೆಯನ್ನು ಹಾಗೆ ಕೂಡಿಸೋಕೆ ಆಗಲ್ಲ. ಅದಕ್ಕೇ ಲ್ಯಾಬಿನಲ್ಲಿ ಮೊದಲು ವಸ್ತು ಹಾಕಿ, ಆಮೇಲೆ ಫ್ಲಾಸ್ಕಿನ ಗೆರೆಯವರೆಗೆ ನೀರು ತುಂಬಿಸುತ್ತಾರೆ.

ಭಾವ, ನೀವು ಮಧ್ಯದಲ್ಲಿ ಕೇಳಿದಿರಲ್ಲ, ಹಾಗಾದರೆ ಅಡಿಕೆ ಮರಕ್ಕೆ ಕೊಳೆರೋಗ ಬಾರದಂತೆ ಹೊಡೆಯುವ ನಮ್ಮ ಒಂದು ಪರ್ಸೆಂಟ್ ಬೋರ್ಡೋ ಮದ್ದು ಇಷ್ಟು ವರ್ಷ ತಪ್ಪಾ ಅಂತ. ಏನೂ ತಪ್ಪಿಲ್ಲ. 100 ಲೀಟರಿಗೆ ಒಂದು ಕೆಜಿ ಮೈಲುತುತ್ತ (ತಾಮ್ರದ ನೀಲಿ ಲವಣ, ಕಾಪರ್ ಸಲ್ಫೇಟ್), ಒಂದು ಕೆಜಿ ಸುಣ್ಣ. ಇಷ್ಟು ತೆಳುವಾಗಿದ್ದಾಗ 100ರಿಂದ ಭಾಗಿಸಿದರೂ 102ರಿಂದ ಭಾಗಿಸಿದರೂ ಕೊಳೆರೋಗಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಗಟ್ಟಿಯಾದಷ್ಟೂ ಆ ವ್ಯತ್ಯಾಸ ದೊಡ್ಡದಾಗುತ್ತದೆ, ಪುಟ್ಟಿ ಸಿಕ್ಕಿಬಿದ್ದದ್ದು ಅಲ್ಲೇ.

ಆದರೆ ಬೋರ್ಡೋ ದ್ರಾವಣ ಅಂತ ನಾವು ಕರೆಯುತ್ತೇವೆ ಅಷ್ಟೇ, ಕೆಮಿಸ್ಟ್ರಿ ಲೆಕ್ಕದಲ್ಲಿ ಅದು ದ್ರಾವಣವೇ ಅಲ್ಲ. ಮೈಲುತುತ್ತದ ನೀರು ದ್ರಾವಣ, ನೀಲಿ ಇದ್ದರೂ ಆಚೆ ಬದಿ ಕಾಣುತ್ತದೆ. ಅದನ್ನು ಸುಣ್ಣದ ಹಾಲಿಗೆ, ಅಂದರೆ ಸುಣ್ಣ ಕದಡಿದ ನೀರಿಗೆ, ಸುರಿದ ಕೂಡಲೇ ಕದಡಿ, ತಿಳಿನೀಲಿ ಮೊಸರಿನಂತೆ ಆಗುತ್ತದೆ. ಸಣ್ಣ ಸಣ್ಣ ಕಣ ತೇಲುತ್ತಿರುತ್ತವೆ, ಕರಗಿರುವುದಿಲ್ಲ. ಸುಮ್ನೆ ಇಟ್ಟರೆ ತಳ ಹಿಡಿಯುತ್ತದೆ. ಡ್ರಮ್ಮಿನ ಹತ್ತಿರ ಒಬ್ಬರು ಕೋಲು ಹಿಡಿದು ಕಲಕುತ್ತಾ ನಿಲ್ಲಬೇಕಾದ್ದು ಅದಕ್ಕೇ. ಇಲ್ಲದಿದ್ದರೆ ಮೊದಲ ಮರಕ್ಕೆ ನೀರು, ಕೊನೆಯ ಮರಕ್ಕೆ ಗಸಿ.

ಕತ್ತಿ ಅದ್ದಿ ನೋಡುತ್ತೀರಲ್ಲ, ಅದನ್ನು ಮಾತ್ರ ಬಿಡಬೇಡಿ. ತಿಕ್ಕಿ ತೊಳೆದ ಕಬ್ಬಿಣದ ಕತ್ತಿಯ ಮೇಲೆ ಕೆಂಪು ಲೇಪ ಕೂತರೆ ತಾಮ್ರ ಇನ್ನೂ ಕರಗಿದ ರೂಪದಲ್ಲೇ ಉಳಿದಿದೆ ಅಂತ ಅರ್ಥ. ಹಾಗೇ ಹೊಡೆದರೆ ಎಲೆ ಸುಡುತ್ತದೆ, ಇನ್ನಷ್ಟು ಸುಣ್ಣದ ಹಾಲು ಹಾಕಬೇಕು. ಪುಟ್ಟೀ, ಇದೇ ರಿಯಾಕ್ಷನ್ ಹತ್ತನೇ ಕ್ಲಾಸಿನಲ್ಲಿ ಕಬ್ಬಿಣದ ಮೊಳೆ ಹಾಕಿ ಮಾಡಿಸುತ್ತಾರೆ. ಕಬ್ಬಿಣ ಕರಗುತ್ತದೆ, ತಾಮ್ರ ಹೊರಗೆ ಬಂದು ಕೂರುತ್ತದೆ. ಮಳೆ ಹಿಡಿಯುವ ಮೊದಲು ಭಾವ ಮದ್ದು ಹೊಡೆಸುವ ದಿನ ಬಾ, ಕತ್ತಿ ನೀನೇ ಅದ್ದು. ಭಾವ, ಆ ದಿನಕ್ಕೆ ಬೇಕಾದಷ್ಟೇ ಕಲಸಿ ಆಯ್ತಾ, ನಿನ್ನೆಯದು ಇವತ್ತಿಗೆ ಬರಲ್ಲ.