ಗುಲಾಬಿ ಬಣ್ಣದ ಈಸ್ಟರ್ ಕ್ಯಾಕ್ಟಸ್: ಮೊಗ್ಗು ಉದುರುತ್ತಿದೆ

ಪ್ರಶ್ನೆ: ಮೈಸೂರಿನ ನಮ್ಮ ಮನೆಯ ಜಗಲಿಯಲ್ಲಿದ್ದ ಗುಲಾಬಿ ಹೂವಿನ ಈಸ್ಟರ್ ಕ್ಯಾಕ್ಟಸ್ ಕುಂಡವನ್ನು ಕಳೆದ ವಾರ ತಾರಸಿಗೆ ಸಾಗಿಸಿದ ಮೇಲೆ, ಅಕ್ಕಿಕಾಳಿನಷ್ಟಿದ್ದ ಮೊಗ್ಗುಗಳು ಒಂದೊಂದಾಗಿ ಉದುರುತ್ತಿವೆ. ಇದು ಕ್ರಿಸ್‌ಮಸ್ ಕ್ಯಾಕ್ಟಸ್ ಆಗಿರಬಹುದೇ? ದಯವಿಟ್ಟು ತಿಳಿಸಿ.

ಉತ್ತರ 1: ಹೂವು ಅರಳಿದರೆ ಸಂಶಯವೇ ಉಳಿಯುವುದಿಲ್ಲ. ಈಸ್ಟರ್ ಕ್ಯಾಕ್ಟಸ್‌ನ ಹೂವು ನಕ್ಷತ್ರದಂತೆ ಸುತ್ತಲೂ ಸಮನಾಗಿ ತೆರೆದುಕೊಳ್ಳುತ್ತದೆ. ಕ್ರಿಸ್‌ಮಸ್ ಕ್ಯಾಕ್ಟಸ್‌ನದು ಉದ್ದನೆಯ ಕೊಳವೆಯಂತಿದ್ದು, ಎಸಳುಗಳು ಹಿಂದಕ್ಕೆ ಬಾಗಿರುತ್ತವೆ. ಸದ್ಯಕ್ಕೆ ಕಾಂಡದ ತುಂಡುಗಳ ತುದಿಯನ್ನು ಗಮನಿಸಿ: ಅಲ್ಲಿ ಕಂದು ಬಣ್ಣದ ಸಣ್ಣ ಬಿರುಗೂದಲುಗಳಿದ್ದರೆ ಅದು ಈಸ್ಟರ್ ಕ್ಯಾಕ್ಟಸ್ಸೇ.

ಉತ್ತರ 2: ಬ್ರೆಜಿಲ್‌ನ ಕಾಡುಗಳಲ್ಲಿ ಮರದ ಕೊಂಬೆಗಳ ಮೇಲೆ ನೆರಳಿನಲ್ಲಿ ಬೆಳೆಯುವ ಈ ಗಿಡಕ್ಕೆ ಮರುಭೂಮಿಯ ಕಳ್ಳಿಯಂತೆ ಮಧ್ಯಾಹ್ನದ ಬಿಸಿಲು ಹಿಡಿಸುವುದಿಲ್ಲ. ಮೊಗ್ಗು ಮೂಡಿದ ಬಳಿಕ ಕುಂಡವನ್ನು ಕದಲಿಸಬಾರದು, ಮಣ್ಣು ಪೂರ್ತಿ ಒಣಗಲೂ ಬಾರದು. ಮುಂದಿನ ಡಿಸೆಂಬರ್ ಮತ್ತು ಜನವರಿಯಲ್ಲಿ, ರಾತ್ರಿ ದೀಪದ ಬೆಳಕು ಬೀಳದ ತಂಪಾದ ಮೂಲೆಯಲ್ಲಿರಿಸಿ ನೀರನ್ನು ಮಿತಗೊಳಿಸಿ. ಮೊಗ್ಗು ಕಟ್ಟಲು ಅದೇ ಮುಖ್ಯ.