ಹೆಸರು ಮೊದಲ, ಪುಸ್ತಕ ಆಮ್ಯಾಲ

ವಿಜಯಪುರದ ಗಾಂಧಿ ಚೌಕದ ಕಡೆ ಮಿರ್ಚಿ ಭಜಿ ತಿನ್ನಾಕ ಕೂತ್ರ ಮಾತು ಮಲ್ಯಾಂದ ನಡೀಬೇಕು. ಪುಸ್ತಕದ ಅಂಗಡಿ ಇಟ್ಟಾಂವ ನೋಡ್ರಿ.

"ಕಾಮಿಕ್ಸ್‌ಗೆ ಚಿತ್ರ ಚಂದ ಇದ್ರ ಸಾಕಲೇ. ಮಾಡಿದಾಂವ ಯಾರಂತ ಯಾಂವ ಕೇಳ್ತಾನ?"

"ಅಮರ ಚಿತ್ರ ಕಥಾ ಯಾರದು?" ಅಂದ ದಸ್ತಗೀರ.

"ಅನಂತ ಪೈ ಅವ್ರದು! ನಮ್ಮ ಕಾರ್ಕಳದವ್ರು, 1967ರಾಗ ಶುರು ಮಾಡಿದ್ರು. ಅಂಕಲ್ ಪೈ ಅಂದ್ರ ಸಾಕು, ತಾಯಂದ್ರು ಕಣ್ಮುಚ್ಚಿ ಕೊಳ್ತಿದ್ರು."

"ಅವ್ರ 'ಕೃಷ್ಣ'ದ ಚಿತ್ರ ಬರದಾಂವ?"

ಮಲ್ಯಾ ಭಜಿ ಬಾಯಾಗ ಹಾಕ್ಕೊಂಡ.

"ರಾಮ್ ವಾಯೀರ್‌ಕರ್!" ಅಂದೆ ನಾ. "ಚಿತ್ರ ಚಿತ್ರ ಅಂತಿ, ತಗದಾಂವನ ಹೆಸರ ಗೊತ್ತಿಲ್ಲ. ಅಮೆರಿಕಾದಾಗ ಹಂಗಿಲ್ಲಪಾ. 1991ರಾಗ ಕಥಿ ಬರಿಯೂ ಕ್ರಿಸ್ ಕ್ಲೇರ್‌ಮಾಂಟ್, ಚಿತ್ರ ತಗಿಯೂ ಜಿಮ್ ಲೀ ಕೂಡಿ ಮಾರ್ವೆಲ್ ಕಂಪನಿಗೆ ತಂದ 'ಎಕ್ಸ್-ಮೆನ್' ಕಾಮಿಕ್ಸಿನ ಮೊದಲನೇ ಸಂಚಿಕೆ 80 ಲಕ್ಷದ ಮ್ಯಾಲ ಹೋತು."

"ಯಪ್ಪಾ! 80 ಲಕ್ಷ ಮಂದಿ ಓದಿದ್ರಾ?"

"ಎಲ್ಲಿ ಓದ್ತಾರೋ! ಅಂಗಡಿಯವ್ರು ತರಿಸಿದ ಲೆಕ್ಕ ಅದು. ಅದಕ ಐದು ನಮೂನಿ ಮುಖಪುಟ. ಐದೂ ಬೇಕನ್ನೂ ಹುಚ್ಚರು ಬ್ಯಾರೆ. ಗೋಳಗುಮ್ಮಟದಾಗ ಒಬ್ಬ ಒದರಿದ್ರ ಏಳು ಮಂದಿ ಒದರಿಧಂಗ."

"ಅಷ್ಟ್ಯಾಕ ತರಸ್ತಾರ? ಉಳದದ್ದು ವಾಪಸ್ ಕಳಸ್ತಾರೇನು?"

"ವಾಪಸ್ ಇಲ್ಲ! ಆಗ ಅಲ್ಲಿ ಕಾಮಿಕ್ಸ್ ಅಂಗಡಿಯಾಂವ ತಿಂಗಳಗಟ್ಲೆ ಮೊದಲ ಆರ್ಡರ್ ಹಾಕಬೇಕಿತ್ತು. ಉಳದ್ರ ಅವನ ತಲಿಮ್ಯಾಲ."

ಮಲ್ಯಾನ ಕೈಯಾಗಿನ ಭಜಿ ಕೈಯಾಗ ಉಳೀತು. ಇಷ್ಟೊತ್ತಿನ ವಾದಕ್ಕ ಜಗ್ಗದಾಂವ 'ವಾಪಸ್ ಇಲ್ಲ' ಅನ್ನೂದ ಕೇಳಿ ಬೆವರಾಕ ಹತ್ತಿದ. ನನಗರ ಅನಸೂದು ಇಷ್ಟ: ದೊಡ್ಡ ಹೆಸರು ಮೊದಲ ಹಿಡಿಯೂದು ಓದಾಂವನ್ನಲ್ಲ, ಅಂಗಡಿಯಾಂವನ್ನ. ಒಳಗ ಏನೈತಿ ನೋಡದ ರೊಕ್ಕ ಹಾಕಾಂವ ಮತ್ತೇನ ನೋಡಬೇಕು?

"ಮರುವರ್ಷ ಅದ ಜಿಮ್ ಲೀ, ಟಾಡ್ ಮೆಕ್‌ಫಾರ್ಲೇನ್, ಇನ್ನೊಂದಿಷ್ಟು ಚಿತ್ರಗಾರರು ಮಾರ್ವೆಲ್ ಬಿಟ್ಟು ಇಮೇಜ್ ಕಾಮಿಕ್ಸ್ ಅಂತ ತಮ್ಮದ ಕಂಪನಿ ಕಟ್ಟಿದ್ರು. ಮಾರೂದು ನಮ್ಮ ಹೆಸರಿದ್ರ ಹಕ್ಕೂ ನಮ್ದ ಇರ್ಲಿ ಅಂತ" ಅಂದೆ ನಾ.

"ಪುಸ್ತಕ ಟೈಮಿಗೆ ಬಂದ್ವಾ?"

"ಅದನ್ನ ಕೇಳಬ್ಯಾಡ. ಭಾಳ ಪುಸ್ತಕ ತಡಾ ಆದ್ವು. ಆರ್ಡರ್ ಹಾಕಿದವ್ರು ಕಾಯಕೋತ ಕೂತ್ರು."

ಮಲ್ಯಾ ವಿಚಾರ ಮಾಡಿ ಅಂದ, "ನಾಳೆ ಅಂಗಡಿ ಮುಂದ ಬೋರ್ಡ್ ಹಾಕ್ತೀನಿ. 'ಚಿತ್ರ: ರಾಮ್ ವಾಯೀರ್‌ಕರ್' ಅಂತ ದೊಡ್ಡದಾಗಿ."

"ಭೇಷ್!"

"ಕೆಳಗ ಸಣ್ಣಾಗಿ, 'ಕೊಂಡ ಪುಸ್ತಕ ವಾಪಸ್ ತಗೊಳ್ಳೂದಿಲ್ಲ.'"